ಸ್ನಾನಕ್ಕೆ 16 ಹೆಜ್ಜೆ, ಬಕೆಟ್ಟಿಗೆ ಎರಡು ಗೆರೆ

ವಾರವೆಲ್ಲ ಮಗನಿಗೆ ಅಮ್ಮ ಸ್ನಾನ ಮಾಡಿಸುತ್ತಾರೆ. ಆರು ಗಂಟೆಗೆ ಒಲೆ ಮೇಲೆ ಸಾರು, ಏಳೂವರೆಗೆ ಬಸ್ಸು. ಹಾಗಾಗಿ ನೀರು ಹಾಕುವುದರಿಂದ ಹಿಡಿದು ತಲೆ ಒರೆಸುವ ತನಕ ತಾವೇ ಮಾಡಿ ಏಳೆಂಟು ನಿಮಿಷಕ್ಕೆ ಮುಗಿಸುತ್ತಾರೆ. ಭಾನುವಾರ ಅಪ್ಪನ ಸರದಿ. ಅವರು ಬಚ್ಚಲ ಬಾಗಿಲಲ್ಲಿ ನಿಂತು ‘ದೊಡ್ಡೋನಾಗಿದೀಯ, ನೀನೇ ಮಾಡ್ಕೋ’ ಅನ್ನುತ್ತಾರೆ. ಹಬ್ಬಕ್ಕೆ ಅಜ್ಜಿ ಬಂದರೆ ‘ಪಾಪ, ಅದಕ್ಕೇನು ತಿಳಿಯುತ್ತೆ’ ಎಂದು ಚೊಂಬು ಕಸಿದುಕೊಳ್ಳುತ್ತಾರೆ. ಬೌದ್ಧಿಕ ಅಂಗವಿಕಲತೆ ಇರುವ ಹದಿನಾರರ ಹುಡುಗನಿಗೆ ಒಂದೇ ಬಚ್ಚಲಲ್ಲಿ ಮೂರು ಕಾನೂನು. ಇದರಿಂದ ಅವನು ಕಲಿಯುವುದು ಇಷ್ಟೇ: ಸುಮ್ಮನೆ ನಿಂತರೆ ಯಾರಾದರೂ ನೀರು ಹಾಕುತ್ತಾರೆ.

ಈ ಮೂವರಲ್ಲಿ ಪ್ರೀತಿ ಯಾರಿಗೂ ಕಡಿಮೆ ಇಲ್ಲ. ಆದರೆ ಇಂಥ ಮಕ್ಕಳಿಗೆ, ದೊಡ್ಡವರಿಗೂ ಅಷ್ಟೇ, ಕಲಿಕೆ ಕೂಡುವುದು ಒಂದೇ ಕೆಲಸ ಒಂದೇ ಕ್ರಮದಲ್ಲಿ, ಒಂದೇ ಮಾತಿನಲ್ಲಿ, ಒಂದೇ ಅಳತೆಯ ಸಹಾಯದಲ್ಲಿ ನೂರಾರು ಸಲ ನಡೆದಾಗ. ಬೇರೆ ಮಕ್ಕಳು ನಾಲ್ಕು ಥರ ನೋಡಿ ಐದನೆಯದನ್ನು ತಾವೇ ಊಹಿಸುತ್ತಾರೆ. ಇವರಿಗೆ ಆ ಊಹೆಯೇ ಕಷ್ಟ. ಹಾಗಾಗಿ ಮನೆಯವರೆಲ್ಲ ಒಂದೇ ಥರ ಮಾಡುವುದೇ ಮೊದಲ ಪಾಠ, ಮತ್ತದು ಮನೆಯವರಿಗೆ.

ಸ್ನಾನವನ್ನೇ ತೆಗೆದುಕೊಳ್ಳೋಣ. ನಮಗೆ ಅದು ಒಂದು ಕೆಲಸ. ಬಿಡಿಸಿ ನೋಡಿದರೆ ಬಕೆಟ್ ಸ್ನಾನದಲ್ಲಿ 16 ಹೆಜ್ಜೆ ಸಿಗುತ್ತವೆ. ಟವಲ್ಲು, ಬದಲಿಸುವ ಬಟ್ಟೆ ತಂದು ಮೊಳೆಗೆ ಹಾಕುವುದು. ಬಾಗಿಲು ಮುಚ್ಚುವುದು. ತಣ್ಣೀರು ಬಿಡುವುದು. ಬಿಸಿನೀರು ಸೇರಿಸುವುದು. ಕೈಯಾಡಿಸಿ ನೋಡುವುದು. ಬಟ್ಟೆ ಬಿಚ್ಚಿ ಬುಟ್ಟಿಗೆ ಹಾಕುವುದು. ಮಣೆ ಮೇಲೆ ಕೂರುವುದು. ಮೈಗೆ ನೀರು ಹಾಕಿಕೊಳ್ಳುವುದು. ಕತ್ತು, ಕೈ, ಕಂಕುಳಿಗೆ ಸೋಪು. ಎದೆ, ಹೊಟ್ಟೆ, ಬೆನ್ನಿಗೆ ಸೋಪು. ಕಾಲು, ಬೆರಳ ಸಂದಿಗೆ ಸೋಪು. ಕೊನೆಗೆ ತೊಡೆ ಸಂದಿ. ನೀರು ಹಾಕಿ ಸೋಪು ಬಿಡಿಸುವುದು. ಒರೆಸಿಕೊಳ್ಳುವುದು. ಬಟ್ಟೆ ಹಾಕಿಕೊಳ್ಳುವುದು. ಬಕೆಟ್ ಬೋರಲು ಹಾಕಿ ಹೊರಬರುವುದು. ನಿಮ್ಮ ಮನೆಯ ಪಟ್ಟಿ ಇದಕ್ಕಿಂತ ಬೇರೆ ಇರಬಹುದು, ಇರಲಿ. ಪಟ್ಟಿ ಬರೆಯುವ ಮೊದಲು ನೀವೇ ಒಮ್ಮೆ ಸ್ನಾನ ಮಾಡುತ್ತ ಗಮನಿಸಿ. ಕುರ್ಚಿಯಲ್ಲಿ ಕೂತು ಬರೆದ ಪಟ್ಟಿಯಲ್ಲಿ ಎರಡು ಮೂರು ಹೆಜ್ಜೆ ತಪ್ಪಿಹೋಗಿರುತ್ತವೆ. ಬಹುತೇಕ ಎಲ್ಲರೂ ಬಿಡುವುದು ಬಾಗಿಲು ಮುಚ್ಚುವುದನ್ನು. ಆರು ವರ್ಷದ ಮಗುವಿಗೆ ಅದು ದೊಡ್ಡ ವಿಷಯವಲ್ಲ. ಹದಿನಾರಕ್ಕೆ ಅದೇ ಮುಖ್ಯ. ಮೈ ಯಾರ ಮುಂದೆ ಬಿಚ್ಚಬಾರದು ಅನ್ನುವ ಪಾಠ ಶುರುವಾಗುವುದು ಬಚ್ಚಲ ಬಾಗಿಲಿನಿಂದಲೇ.

ಈಗ ಬಕೆಟ್ಟಿನ ಗೆರೆ. ಲೆಕ್ಕ ಬಾರದವನಿಗೆ ‘ಐದು ಚೊಂಬು ಹಾಕ್ಕೋ’ ಅಂದರೆ ಪ್ರಯೋಜನವಿಲ್ಲ. ಒಂದು ಬಿಳಿ ಬಕೆಟ್ ತನ್ನಿ. ಒಳಮೈಯಲ್ಲಿ ಆಯಿಲ್ ಪೇಂಟಿನಿಂದ ಎರಡು ಗೆರೆ ಎಳೆಯಿರಿ: ಸುಮಾರು 9 ಲೀಟರಿಗೆ ನೀಲಿ, 14 ಲೀಟರಿಗೆ ಕೆಂಪು. ತಣ್ಣೀರು ನೀಲಿ ಗೆರೆ ತನಕ, ಆಮೇಲೆ ಬಿಸಿನೀರು ಕೆಂಪು ಗೆರೆ ತನಕ. ಚೊಂಬಿನಲ್ಲಿ ಮೈಗೆ ಹಾಕಿಕೊಳ್ಳುತ್ತ ನೀರು ಮತ್ತೆ ನೀಲಿ ಗೆರೆಗೆ ಇಳಿದರೆ ಸೋಪು ಹಚ್ಚುವ ಹೊತ್ತು ಬಂತು ಅಂತ ಅರ್ಥ. ಉಳಿದದ್ದೆಲ್ಲ ಸೋಪು ಬಿಡಿಸಲಿಕ್ಕೆ. ಬಕೆಟ್ ಖಾಲಿಯಾಯಿತೋ, ಸ್ನಾನ ಮುಗಿಯಿತು. ಯಾರೂ ಎಣಿಸಬೇಕಿಲ್ಲ, ಯಾರೂ ‘ಸಾಕು ಬಾ’ ಎಂದು ಕೂಗಬೇಕಿಲ್ಲ. ನೀರನ್ನು ಕಂಡರೆ ಗಂಟೆಗಟ್ಟಲೆ ಆಡುವವರಿಗೂ ಮುಗಿಯುವ ಗುರುತು ಕಣ್ಣೆದುರೇ ಇರುತ್ತದೆ.

ತಣ್ಣೀರು ಮೊದಲು ಅನ್ನುವುದಕ್ಕೆ ಕಾರಣವಿದೆ. ಮುಂದಿನ ಹೆಜ್ಜೆ ಮರೆತರೆ ಚಳಿಯಾಗುತ್ತದೆ, ಅಷ್ಟೇ. ಬಿಸಿನೀರು ಮೊದಲು ಬಿಟ್ಟು ತಣ್ಣೀರು ಮರೆತರೆ ಮೈ ಸುಡುತ್ತದೆ. ಗೀಸರನ್ನು 50 ಡಿಗ್ರಿಗಿಂತ ಮೇಲೆ ಇಡಬೇಡಿ. ಹಂಡೆ ನೀರಾದರೆ ಅದರ ಕಾವು ದಿನಕ್ಕೊಂದು ಥರ, ಒಮ್ಮೊಮ್ಮೆ ಕುದಿಯುತ್ತಲೇ ಇರುತ್ತದೆ. ಅಂಥ ಮನೆಯಲ್ಲಿ ಬಿಸಿನೀರಿನ ಹೆಜ್ಜೆಯನ್ನು ದೊಡ್ಡವರೇ ಇಟ್ಟುಕೊಳ್ಳಿ, ಮಿಕ್ಕ 15 ಅವನಿಗೆ ಬಿಡಿ. ಒಂದು ಹೆಜ್ಜೆ ನಮ್ಮ ಕೈಯಲ್ಲಿ ಉಳಿದರೆ ಕಲಿಕೆ ಕೆಡುವುದಿಲ್ಲ. ಚಳಿಗಾಲದಲ್ಲಿ ನಲ್ಲಿ ನೀರೇ ಕೊರೆಯುತ್ತದಲ್ಲ, ಆಗ ನೀಲಿ ಗೆರೆಯನ್ನು ಒಂದೆರಡು ಬೆರಳು ಕೆಳಗೆ ಎಳೆಯಬೇಕಾಗಬಹುದು. ಆದರೆ ಹಳೆಯದನ್ನು ಅಳಿಸಿ ಎಳೆಯಿರಿ. ಎರಡು ನೀಲಿ ಗೆರೆ ಇರುವ ಬಕೆಟ್ಟಿಗಿಂತ ಗೆರೆಯೇ ಇಲ್ಲದ ಬಕೆಟ್ ವಾಸಿ.

ಸೋಪು ಜಾರಿ ಮೋರಿಗೆ ಹೋಗುತ್ತದೆ, ಅದನ್ನು ಹುಡುಕುವುದರಲ್ಲಿ ಕ್ರಮ ತಪ್ಪುತ್ತದೆ. ಅರ್ಧ ಸೋಪನ್ನು ಬಲೆ ಚೀಲದಲ್ಲೋ ಹಳೆಯ ಕಾಲುಚೀಲದಲ್ಲೋ ಹಾಕಿ, ದಾರ ಕಟ್ಟಿ ಮೊಳೆಗೆ ನೇತುಹಾಕಿದರೆ ಆ ರಗಳೆ ಮುಗಿಯಿತು. ಶಾಂಪೂ ಪ್ಯಾಕೆಟ್ ಹರಿಯಲು ಕಷ್ಟಪಡುವವರಿಗೆ ಒತ್ತುವ ಬಾಟಲಿ ಕೊಡಿ: ಒಂದು ಒತ್ತು, ಅಷ್ಟೇ.

ಸಹಾಯ ಕೊಡುವುದರಲ್ಲೂ ಮೆಟ್ಟಿಲುಗಳಿವೆ. ಎಲ್ಲಕ್ಕಿಂತ ಹೆಚ್ಚಿನದು ಅವನ ಕೈ ಮೇಲೆ ನಿಮ್ಮ ಕೈ ಇಟ್ಟು ಮಾಡಿಸುವುದು. ಅದಕ್ಕಿಂತ ಕಡಿಮೆ ಮೊಣಕೈಯನ್ನು ಲಘುವಾಗಿ ಮುಟ್ಟುವುದು. ಆಮೇಲೆ ಬೆರಳು ತೋರಿಸುವುದು. ಕೊನೆಗೆ ಏನೂ ಮಾಡದೆ ಕಾಯುವುದು. ಮಾತು ಎಲ್ಲಿ ಬಂತು ಅಂದಿರಾ? ಮಾತೇ ತೀರಾ ಹಗುರದ ಸಹಾಯ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಮನೆಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಅಂಟಿಕೊಳ್ಳುವುದು ಅದೇ. ‘ಸೋಪು ಹಚ್ಚು, ಕೈಗೆ ಹಚ್ಚು, ಇನ್ನೊಂದು ಕೈ, ಹೂಂ, ಈಗ ನೀರು’ ಎಂದು ಬಾಗಿಲಾಚೆಯಿಂದ ಓದುತ್ತಾ ಹೋದರೆ, ಅವನಿಗೆ ಸ್ನಾನದ ಹೆಜ್ಜೆಯೇ ‘ಅಮ್ಮ ಹೇಳುವುದು’ ಆಗಿಬಿಡುತ್ತದೆ. ಅಮ್ಮ ಸುಮ್ಮನಾದರೆ ಅವನೂ ನಿಲ್ಲುತ್ತಾನೆ. ಕೈ ಹಿಂದಕ್ಕೆ ತೆಗೆದುಕೊಳ್ಳುವುದು ಸುಲಭ, ಮಾತು ತೆಗೆದುಕೊಳ್ಳುವುದು ಕಷ್ಟ. ಆದ್ದರಿಂದ ಶುರುವಿನಲ್ಲಿ ಒಂದೇ ಸಲ ‘ಸ್ನಾನ’ ಅನ್ನಿ, ಮುಂದಕ್ಕೆ ಬಾಯಿ ಮುಚ್ಚಿ ಕೈಯಿಂದಲೇ ಕಲಿಸಿ. ಅವನ ಎದುರು ನಿಲ್ಲಬೇಡಿ, ಹಿಂದೆ ನಿಲ್ಲಿ. ಎದುರು ನಿಂತರೆ ಅವನು ಬಕೆಟ್ ನೋಡುವುದಿಲ್ಲ, ನಿಮ್ಮ ಮುಖ ನೋಡುತ್ತಾನೆ.

ಪ್ರತಿ ಹೆಜ್ಜೆಗೂ ಮನಸ್ಸಿನಲ್ಲೇ ಹತ್ತು ಎಣಿಸಿ. ಹತ್ತಾದರೂ ಕೈ ಮುಂದೆ ಹೋಗದಿದ್ದರೆ ಮಾತ್ರ ಸಹಾಯ. ಈ ಹತ್ತು ಸೆಕೆಂಡು ಬಹಳ ಉದ್ದ ಅನಿಸುತ್ತದೆ, ಬಹುತೇಕ ಜನ ಮೂರಕ್ಕೇ ಕೈ ಹಾಕುತ್ತಾರೆ. ಬಸ್ಸಿನ ಅವಸರ ಇರುವ ಬೆಳಿಗ್ಗೆ ಇದು ಆಗದ ಮಾತು ಎಂದರೆ ಕಲಿಸುವ ಸ್ನಾನವನ್ನು ಸಂಜೆಗೆ ಇಟ್ಟುಕೊಳ್ಳಿ. ಬೆಳಿಗ್ಗೆ ಮುಖ, ಕೈಕಾಲು ತೊಳೆದರೆ ಸಾಕು. ಒಂದು ಹೊತ್ತು ಕಲಿಸಿ, ಇನ್ನೊಂದು ಹೊತ್ತು ಮಾಡಿಸಿದರೆ ಆ ಮೂರು ಕಾನೂನಿನ ಕಥೆಯೇ ಮತ್ತೆ.

ಲೆಕ್ಕ ಇಡಿ. ಕ್ಯಾಲೆಂಡರಿನ ಹಿಂಭಾಗದಲ್ಲಿ 16 ಸಾಲು, 30 ಕಾಲಂ ಹಾಕಿ ಬಚ್ಚಲ ಹೊರಗೆ ನೇತುಹಾಕಿ, ಪೆನ್ಸಿಲನ್ನು ದಾರದಲ್ಲಿ ಕಟ್ಟಿ. ಕೈ ಹಿಡಿದು ಮಾಡಿಸಿದರೆ ‘ಕ’, ಮುಟ್ಟಿದರೆ ‘ಮು’, ಸನ್ನೆ ಮಾಡಿದರೆ ‘ಸ’, ತಾನೇ ಮಾಡಿದರೆ ‘ತಾ’. ಒಂದು ಹೆಜ್ಜೆಯಲ್ಲಿ ಸತತ ಮೂರು ದಿನ ‘ತಾ’ ಬಂದರೆ ಅಲ್ಲಿ ನಿಮ್ಮ ಕೆಲಸವಿಲ್ಲ, ಹಿಂದೆ ಸರಿಯಿರಿ. ಎರಡು ವಾರವಾದರೂ ‘ಕ’ದಲ್ಲೇ ನಿಂತಿದ್ದರೆ ತಪ್ಪು ಹುಡುಗನದ್ದಲ್ಲ, ಆ ಹೆಜ್ಜೆ ದೊಡ್ಡದಾಯಿತು. ಅದನ್ನು ಇನ್ನೂ ಒಡೆಯಿರಿ. ‘ಬೆನ್ನಿಗೆ ಸೋಪು’ ಎಂಬಲ್ಲೇ ಎಷ್ಟೋ ಜನ ಸಿಕ್ಕಿಕೊಳ್ಳುತ್ತಾರೆ, ಏಕೆಂದರೆ ಕೈ ಎಟುಕುವುದಿಲ್ಲ. ಎರಡೂ ತುದಿಗೆ ಕುಣಿಕೆ ಹೊಲಿದ ಉದ್ದನೆಯ ಬಟ್ಟೆ ಕೊಟ್ಟರೆ ಅದೇ ವಾರ ಮುಂದೆ ಹೋಗುತ್ತದೆ. ಈ ಹಾಳೆ ಇಲ್ಲದಿದ್ದರೆ ‘ಇವನಿಗೆ ಏನೂ ಬರಲ್ಲ’ ಅಂತ ಒಂದು ಮಾತಿನಲ್ಲಿ ಹೇಳಿಬಿಡುತ್ತೇವೆ. ಹಾಳೆ ನೋಡಿದರೆ 16ರಲ್ಲಿ 11 ಬಂದಿರುತ್ತದೆ.

ಹೀಗೆ ಒಡೆದು ಕಲಿಸುವುದು ಹೊಸದೇನಲ್ಲ. ವಿಶೇಷ ಶಾಲೆಗಳಲ್ಲಿ ಬಳಸುವ, ಮದ್ರಾಸಿನಲ್ಲಿ ರೂಪುಗೊಂಡ ಎಂ.ಡಿ.ಪಿ.ಎಸ್. ಎಂಬ ಅಳತೆಪಟ್ಟಿಯಲ್ಲಿ 18 ವಿಭಾಗ, ಒಂದೊಂದರಲ್ಲೂ 20ರಂತೆ 360 ಕೌಶಲಗಳಿವೆ. ಸುಲಭದಿಂದ ಕಷ್ಟಕ್ಕೆ ಜೋಡಿಸಿದ್ದಾರೆ. ನಿಮ್ಮ ಮಗ ಅಥವಾ ಮಗಳ ಶಾಲೆಯಲ್ಲಿ ಅದನ್ನು ತುಂಬಿಸಿದ್ದರೆ ಒಂದು ಪ್ರತಿ ಕೇಳಿ ಪಡೆಯಿರಿ. ಶಾಲೆಯಲ್ಲಿ ಒಂದು ಗುರಿ, ಮನೆಯಲ್ಲಿ ಇನ್ನೊಂದು ಇದ್ದರೆ ಎರಡೂ ಕಡೆ ಅರ್ಧ ಅರ್ಧ.

ಬಟ್ಟೆಗೆ ಮಾತ್ರ ಲೆಕ್ಕ ಉಲ್ಟಾ: ಕೊನೆಯಿಂದ ಕಲಿಸಬೇಕು. ಟೀ ಶರ್ಟನ್ನು ತಲೆಗೆ ಹಾಕಿ, ಎರಡೂ ತೋಳು ತೂರಿಸಿ, ಎದೆ ತನಕ ನೀವೇ ಎಳೆಯಿರಿ. ಹೊಟ್ಟೆ ಮೇಲೆ ಎಳೆದುಕೊಳ್ಳುವುದೊಂದೇ ಅವನ ಪಾಲು. ಎಳೆದ, ಬಟ್ಟೆ ಹಾಕಿ ಆಯಿತು! ಮೊದಲ ದಿನವೇ ‘ನಾನು ಹಾಕಿಕೊಂಡೆ’ ಎಂಬ ಮುಖ ಕಾಣುತ್ತದೆ. ಅದು ಬಂದ ಮೇಲೆ ಎರಡನೇ ತೋಳು, ಆಮೇಲೆ ಮೊದಲ ತೋಳು, ಕೊನೆಗೆ ತಲೆ. ಹಿಂದುಮುಂದಾಗದಂತೆ ಕತ್ತಿನ ಹಿಂಭಾಗದ ಒಳಗೆ ದಪ್ಪ ಕೆಂಪು ದಾರದಿಂದ ಒಂದು ಹೊಲಿಗೆ ಹಾಕಿ. ಗುಂಡಿ ಕಲಿಸಲು ಮಾರುಕಟ್ಟೆಯಲ್ಲಿ ಸಿಗುವ ಮರದ ಹಲಗೆ ಅಷ್ಟು ಪ್ರಯೋಜನಕ್ಕೆ ಬರುವುದಿಲ್ಲ, ಏಕೆಂದರೆ ಮೇಜಿನ ಮೇಲೆ ಎದುರಿಗಿಟ್ಟ ಗುಂಡಿಗೂ ಎದೆ ಮೇಲಿನ ಗುಂಡಿಗೂ ದಿಕ್ಕೇ ಬೇರೆ. ಅಪ್ಪನ ಹಳೇ ಅಂಗಿಗೆ ದೊಡ್ಡ ಗುಂಡಿ ಹೊಲಿಸಿ ಅವನಿಗೇ ತೊಡಿಸಿ ಕಲಿಸಿ. ನಡುಪಟ್ಟಿಗೆ ಎಲಾಸ್ಟಿಕ್ಕೇ ಇರಲಿ. ಜಿಪ್ಪಿಗಾಗಿ ಒಂದು ವರ್ಷ ಕಳೆಯುವುದರಲ್ಲಿ ಅರ್ಥವಿಲ್ಲ.

ಹೆಣ್ಣುಮಕ್ಕಳ ಮನೆಯಲ್ಲಿ ಮುಟ್ಟಿನ ವಿಷಯವನ್ನು ಮುಟ್ಟು ಬಂದ ದಿನ ಕಲಿಸಲು ಹೊರಡುತ್ತಾರೆ. ಆ ದಿನ ಹೊಟ್ಟೆನೋವು, ಗಾಬರಿ, ರಕ್ತ. ಕಲಿಯುವ ದಿನವಲ್ಲ ಅದು. ಒಂದೆರಡು ವರ್ಷ ಮೊದಲೇ, ಸಾಮಾನ್ಯ ದಿನಗಳಲ್ಲಿ ವಾರಕ್ಕೊಮ್ಮೆ ಪ್ಯಾಡ್ ಹಾಕಿ ಅಭ್ಯಾಸ ಮಾಡಿಸಿ. ಒಳಚಡ್ಡಿಯಲ್ಲಿ ಪ್ಯಾಡ್ ಕೂರುವ ಜಾಗದ ಸುತ್ತ ಬಣ್ಣದ ದಾರದ ಹೊಲಿಗೆ ಹಾಕಿದರೆ ಎಲ್ಲಿ ಅಂಟಿಸಬೇಕು ಎಂದು ಹೇಳುವ ಅಗತ್ಯವಿಲ್ಲ. ‘ತುಂಬಿದಾಗ ಬದಲಿಸು’ ಎನ್ನಬೇಡಿ, ಅದು ತೀರ್ಮಾನ ಮಾಡಬೇಕಾದ ಮಾತು. ಸ್ನಾನಕ್ಕೆ, ಮಧ್ಯಾಹ್ನದ ಊಟಕ್ಕೆ, ಸಂಜೆ ಕಾಫಿಗೆ, ಮಲಗುವಾಗ ಎಂದು ಕಟ್ಟಿಬಿಡಿ. ಬಿಚ್ಚಿದ್ದನ್ನು ಪೇಪರಿನಲ್ಲಿ ಸುತ್ತಿ ಬಚ್ಚಲಲ್ಲೇ ಇರುವ ಮುಚ್ಚಳದ ಡಬ್ಬಿಗೆ ಹಾಕುವ ತನಕ ಒಂದೇ ಪಾಠ. ಡಬ್ಬಿ ಬಚ್ಚಲಿನ ಹೊರಗಿದ್ದರೆ ಪ್ಯಾಡು ನಡುಮನೆಗೆ ಬರುತ್ತದೆ.

ಮಾತಿನ ವಿಷಯಕ್ಕೆ ಮತ್ತೆ ಬರೋಣ. ಅಮ್ಮ ‘ಸ್ನಾನ’ ಅನ್ನುತ್ತಾರೆ, ಧಾರವಾಡದ ಕಡೆಯ ಅಜ್ಜಿ ‘ಜಳಕ’ ಅನ್ನುತ್ತಾರೆ, ಸಾಗರದಿಂದ ಬಂದ ಚಿಕ್ಕಮ್ಮ ‘ಮಿಂದು ಬಾ’ ಅನ್ನುತ್ತಾರೆ. ನಮಗೆ ಒಂದೇ ಅರ್ಥ, ಅವನಿಗೆ ಮೂರು ಬೇರೆ ಶಬ್ದ. ಒಂದನ್ನು ಆರಿಸಿ. ಯಾವುದು ಅಂದರೆ, ಬದಲಾಗಲು ಒಪ್ಪದವರ ಶಬ್ದವನ್ನೇ! ಅಜ್ಜಿ ಜಳಕ ಬಿಡುವುದಿಲ್ಲ ಎಂದಾದರೆ ಮನೆಯವರೆಲ್ಲ ಜಳಕಕ್ಕೆ ಬನ್ನಿ. ಅಜ್ಜಿಯನ್ನು ಹೊರಗಿಟ್ಟು ಮಾಡಿದ ಯೋಜನೆ ಎರಡು ದಿನ ಬಾಳುತ್ತದೆ. ಅವರಿಗೊಂದು ಕೆಲಸವನ್ನೂ ಕೊಡಿ: ಹಾಳೆಯಲ್ಲಿ ಗುರುತು ಹಾಕುವುದು. ಚೊಂಬು ಕಸಿಯುವ ಕೈಗೆ ಪೆನ್ಸಿಲ್ ಬಂದರೆ ‘ಇವತ್ತು ಎಷ್ಟು ತಾ ಬಂತು’ ಅಂತ ಅವರೇ ಕಾಯಲು ಶುರು ಮಾಡುತ್ತಾರೆ.

ದಿನದ ಕ್ರಮಕ್ಕೆ ಗಡಿಯಾರ ಬೇಕಿಲ್ಲ, ಫೋಟೋ ಬೇಕು. ಕಾರ್ಟೂನ್ ಚಿತ್ರಗಳು ಅಂದವಾಗಿರುತ್ತವೆ, ಆದರೆ ಎಷ್ಟೋ ಮಂದಿಗೆ ಆ ಚಿತ್ರದ ಬಕೆಟ್ಟಿಗೂ ತಮ್ಮ ಬಕೆಟ್ಟಿಗೂ ಸಂಬಂಧ ಹೊಳೆಯುವುದಿಲ್ಲ. ನಿಮ್ಮದೇ ಬಕೆಟ್, ಅವನದೇ ತಟ್ಟೆ, ಅವನು ಹತ್ತುವ ವ್ಯಾನು, ಅವನ ಹಾಸಿಗೆ ಇವುಗಳ ಫೋಟೋವನ್ನು ಮೊಬೈಲಿನಲ್ಲಿ ತೆಗೆದು, ಅಂಗೈಯಗಲ ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ, ಹಿಂದೆ ವೆಲ್ಕ್ರೋ ಅಂಟಿಸಿ. ಒಂದು ಹಲಗೆಯ ಮೇಲೆ ಮೇಲಿನಿಂದ ಕೆಳಕ್ಕೆ ಐದಾರು ಸಾಕು. ಇಡೀ ದಿನದ ಇಪ್ಪತ್ತು ಹಾಕಿದರೆ ಅದು ಗೋಡೆಯ ಅಲಂಕಾರವಾಗುತ್ತದೆ. ಕೆಲಸ ಮುಗಿದ ಕೂಡಲೇ ಅವನೇ ಆ ಫೋಟೋ ಕಿತ್ತು ಕೆಳಗಿನ ಡಬ್ಬಿಗೆ ಹಾಕಬೇಕು. ಕೀಳುವುದು ಮರೆತರೆ ಹಲಗೆ ಸುಳ್ಳು ಹೇಳಲು ಶುರುಮಾಡುತ್ತದೆ, ಒಂದು ವಾರದಲ್ಲಿ ಅವನು ಅದನ್ನು ನೋಡುವುದನ್ನೇ ಬಿಡುತ್ತಾನೆ. ಕರೆಂಟ್ ಹೋಯಿತು, ವ್ಯಾನ್ ಬರಲಿಲ್ಲ, ಡಾಕ್ಟರ ಹತ್ತಿರ ಹೋಗಬೇಕು: ಇಂಥದ್ದಕ್ಕೆ ಕೆಂಪು ಅಂಚಿನ ಒಂದು ಖಾಲಿ ಕಾರ್ಡ್ ಇರಲಿ. ಅದನ್ನು ಮೊದಮೊದಲು ಒಳ್ಳೆಯ ಬದಲಾವಣೆಗೇ ಬಳಸಿ, ಪಾರ್ಕು, ಐಸ್‌ಕ್ರೀಂ. ಇಂಜೆಕ್ಷನ್ನಿನ ದಿನವೇ ಅದನ್ನು ಮೊದಲು ತೋರಿಸಿದರೆ ಕೆಂಪು ಕಂಡಾಗಲೆಲ್ಲ ಕಿರುಚಾಟ.

ಮದುವೆ, ಜಾತ್ರೆ, ದೀಪಾವಳಿ ಬಂದರೆ ಕ್ರಮ ಕೆಡುವುದು ಸಹಜ. ಎಲ್ಲವನ್ನೂ ಉಳಿಸಲು ಹೋಗಬೇಡಿ. ಮೂರನ್ನು ಗಟ್ಟಿ ಹಿಡಿದುಕೊಳ್ಳಿ: ಸ್ನಾನದ ಕ್ರಮ, ಮಾತ್ರೆಯ ಹೊತ್ತು, ಮಲಗುವ ಹೊತ್ತು. ಊಟ ಹಿಂದುಮುಂದಾಗಲಿ, ಶಾಲೆ ತಪ್ಪಲಿ, ಪರವಾಗಿಲ್ಲ. ಗೆರೆಯ ಬಕೆಟ್ಟನ್ನು ನೆಂಟರ ಮನೆಗೂ ಒಯ್ಯಿರಿ, ನಗುವವರು ನಗಲಿ.

ಹಟದ ವಿಷಯದಲ್ಲಿ ಸ್ಥಿರತೆ ಬಿಗಿಯಾಗಿರಬೇಕು, ಇಲ್ಲವಾದರೆ ಕೈ ಹಾಕಲೇಬಾರದು. ತಟ್ಟೆ ಎಸೆದಾಗ ಮೊಬೈಲ್ ಕೊಡುವ ಮನೆ ಇದೆ ಅಂದುಕೊಳ್ಳಿ. ಐದು ಸಲದಲ್ಲಿ ನಾಲ್ಕು ಸಲ ಕೊಡದೆ, ಐದನೇ ಸಲ ಸಾಕಾಗಿ ಕೊಟ್ಟರೆ ಅಭ್ಯಾಸ ಮೊದಲಿಗಿಂತ ಗಟ್ಟಿಯಾಗುತ್ತದೆ. ಲಾಟರಿ ಟಿಕೆಟ್ ಕೊಳ್ಳುವವನ ಹಾಗೆ, ಮುಂದಿನದು ಬಂದೇ ಬರುತ್ತದೆ ಎಂದು. ಕೊಡುವುದು ನಿಲ್ಲಿಸಿದ ಮೊದಲ ಕೆಲವು ದಿನ ಎಸೆತ ಹೆಚ್ಚುತ್ತದೆ. ಅಲ್ಲೇ ಬಹಳಷ್ಟು ಮನೆಗಳು ಸೋತು, ದೊಡ್ಡ ಎಸೆತಕ್ಕೆ ಬಹುಮಾನ ಕೊಟ್ಟುಬಿಡುತ್ತವೆ. ಹಾಗಾಗಿ ಪರೀಕ್ಷೆ, ಮದುವೆ, ಹೆರಿಗೆ ಇರುವ ತಿಂಗಳಲ್ಲಿ ಇದನ್ನು ಶುರು ಮಾಡಬೇಡಿ. ಶುರು ಮಾಡುವ ಮೊದಲು ಎರಡು ವಾರ ಬರೆದಿಡಿ: ಎಸೆಯುವ ಮುಂಚೆ ಏನು ನಡೆಯಿತು, ಏನು ಎಸೆದ, ಆಮೇಲೆ ಅವನಿಗೆ ಏನು ಸಿಕ್ಕಿತು. ಹಠಾತ್ತನೆ ಶುರುವಾದ ಹಟವಾದರೆ ಮೊದಲು ಹಲ್ಲು, ಕಿವಿ, ಮಲಬದ್ಧತೆ ನೋಡಿಸಿ; ಮಾತು ಬಾರದವರ ನೋವು ಹಟವಾಗಿಯೇ ಕಾಣುತ್ತದೆ. ಬರೀ ನಿಲ್ಲಿಸಿದರೆ ಸಾಲದು, ಕೇಳುವ ದಾರಿಯನ್ನೂ ಕೊಡಬೇಕು. ಮೊಬೈಲಿನ ಫೋಟೋ ಕಾರ್ಡ್ ಕೈಗೆ ತಂದು ಕೊಟ್ಟರೆ ತಕ್ಷಣ ಹತ್ತು ನಿಮಿಷ, ಟೈಮರ್ ಇಟ್ಟು. ಶುರುವಿನ ವಾರಗಳಲ್ಲಿ ಕಾರ್ಡಿಗೆ ‘ಇಲ್ಲ’ ಎನ್ನಬಾರದು, ಎಸೆತಕ್ಕೆ ‘ಹೂಂ’ ಎನ್ನಬಾರದು.

ಫಿಟ್ಸ್ ಇರುವವರ ಮನೆಯಲ್ಲಿ ಇನ್ನಷ್ಟು ಎಚ್ಚರ. ಬಚ್ಚಲ ಬಾಗಿಲು ಮುಚ್ಚಲಿ, ಆದರೆ ಒಳಗಿನ ಚಿಲಕ ತೆಗೆಸಿಬಿಡಿ. ಕೂತೇ ಸ್ನಾನ. ಮಾತ್ರೆಗೆ ಏಳು ಖಾನೆಯ ಡಬ್ಬಿ, ತುಂಬುವುದು ಒಬ್ಬರೇ. ಇಬ್ಬರು ತುಂಬಿದರೆ ಒಂದು ದಿನ ಎರಡು ಸಲ, ಇನ್ನೊಂದು ದಿನ ಇಲ್ಲವೇ ಇಲ್ಲ. ಫಿಟ್ಸ್ ಬಂದಾಗ ಕೈಗೆ ಬೀಗದಕೈ, ಮೂಗಿಗೆ ಈರುಳ್ಳಿ, ಹಲ್ಲಿನ ನಡುವೆ ಚಮಚ ಯಾವುದೂ ಬೇಡ. ಸುತ್ತಲಿನ ವಸ್ತು ಸರಿಸಿ, ತಲೆ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಅದುರು ನಿಂತ ಮೇಲೆ ಪಕ್ಕಕ್ಕೆ ಮಗ್ಗುಲು ಮಾಡಿ. ಗಡಿಯಾರ ನೋಡುತ್ತಿರಿ. 5 ನಿಮಿಷ ದಾಟಿದರೆ, ಇಲ್ಲವೇ ಎಚ್ಚರವಾಗದೆ ಇನ್ನೊಂದು ಶುರುವಾದರೆ, 108.

ಕಾಗದಪತ್ರದ ಬಗ್ಗೆ ಚುಟುಕಾಗಿ. ಯು.ಡಿ.ಐ.ಡಿ. ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ, ತಾಲ್ಲೂಕಿನಲ್ಲಾದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವಿಕಲತೆ, ಬಹುವಿಧ ಅಂಗವಿಕಲತೆ ಈ ನಾಲ್ಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಅದರಡಿ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿ ತನಕ. 18 ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. ಪೋಷಕತ್ವ ಬೇಕಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಎಷ್ಟೋ ಮನೆಗಳಿಗೆ ಇದು ಗೊತ್ತಾಗುವುದು ಬ್ಯಾಂಕಿನ ಕೌಂಟರಿನಲ್ಲಿ.

ಕೊನೆಗೆ ಒಂದು ಹಾಳೆ. ಅಮ್ಮನಿಗೆ ಜ್ವರ ಬಂದು ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿದರೆ, ಅವರ ತಲೆಯಲ್ಲಿದ್ದ ಕ್ರಮವೆಲ್ಲ ಅವರ ಜೊತೆಗೇ ಹೋಗುತ್ತದೆ. ಒಂದೇ ಪುಟದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಮೇಲೋ ದೇವರ ಮನೆಯ ಬಾಗಿಲಲ್ಲೋ ಅಂಟಿಸಿ. ಮಾತ್ರೆಯ ಹೆಸರು, ಪ್ರಮಾಣ, ಹೊತ್ತು. ಯಾವುದು ತಿಂದರೆ ಆಗುವುದಿಲ್ಲ. ನೋವಾದಾಗ ಏನು ಮಾಡುತ್ತಾನೆ (ಕಿವಿ ಹಿಡಿಯುತ್ತಾನೆ, ಅಂಗಿ ಕಚ್ಚುತ್ತಾನೆ). ಟಾಯ್ಲೆಟ್ಟಿಗೆ ಯಾವ ಸನ್ನೆ. ಸ್ನಾನದ ಯಾವ ಹೆಜ್ಜೆಗೆ ಇನ್ನೂ ಸಹಾಯ ಬೇಕು, ಎಂಥ ಸಹಾಯ. ಯಾವ ಸದ್ದಿಗೆ ಹೆದರುತ್ತಾನೆ, ಆಗ ಏನು ಕೊಟ್ಟರೆ ಸಮಾಧಾನವಾಗುತ್ತಾನೆ. ರಾತ್ರಿ ದೀಪ ಇರಬೇಕೋ ಬೇಡವೋ. ಡಾಕ್ಟರ ನಂಬರು. ‘ಪ್ರೀತಿಯಿಂದ ನೋಡಿಕೊಳ್ಳಿ’ ಅಂತ ಬರೆಯಬೇಡಿ, ಅದರಿಂದ ಬಂದವರಿಗೆ ಏನೂ ತಿಳಿಯುವುದಿಲ್ಲ. ಹಾಳೆ ಸರಿಯಿದೆಯೇ ಎಂದು ನೋಡಲು ಒಂದು ಭಾನುವಾರ ಚಿಕ್ಕಪ್ಪನನ್ನೋ ಪಕ್ಕದ ಮನೆಯ ಅಕ್ಕನನ್ನೋ ಕರೆದು, ಹಾಳೆ ಕೈಗೆ ಕೊಟ್ಟು, ಬೆಳಿಗ್ಗೆ ಏಳರಿಂದ ಸಂಜೆ ಐದರ ತನಕ ಅಮ್ಮ ಮನೆಯಿಂದ ಹೊರಗಿರಲಿ. ಆ ಹತ್ತು ಗಂಟೆಯಲ್ಲಿ ಅವರು ಏನೇನು ಕೇಳಲು ಫೋನ್ ಮಾಡಿದರೋ ಅದೆಲ್ಲ ಹಾಳೆಯಲ್ಲಿ ಬಿಟ್ಟುಹೋದದ್ದು. ಅವತ್ತು ರಾತ್ರಿಯೇ ಸೇರಿಸಿ, ಕೆಳಗೆ ತಾರೀಕು ಹಾಕಿ.